ನಾಲ್ಕನೆಯ ನಿಂಬೆಹಣ್ಣು

ಸ್ಟೀರಿಂಗ್ ಕೈಗೇ ಕಿತ್ತು ಬರಬಹುದಿತ್ತು. ಆಕ್ಸಲ್ ನಡುದಾರಿಯಲ್ಲಿ ಮುರಿಯಬಹುದಿತ್ತು. ಹೊಸ ದೊಡ್ಡ ಗಾಲಿಗಳು ಮಡ್‌ಗಾರ್ಡಿಗೆ ಉಜ್ಜಿ ಹೊಗೆ ಏಳಬಹುದಿತ್ತು. ನಾನು, ನನ್ನ ಹೆಂಡತಿ, ಅವಳು ಕಟ್ಟಿದ ಬುತ್ತಿ ಸಮೇತ ಜೀಪು ಕಾಲುವೆಗೆ ಇಳಿಯಬಹುದಿತ್ತು.

ನವಲಿಯ ಗದ್ದೆದಾರಿಯ ಕೆಸರಿಗೆ ತಕ್ಕಂತೆ ಮಾರ್ಪಡಿಸಲೆಂದು ಹಳೆಯ ಜೀಪನ್ನು ಗಂಗಾವತಿಯ ಮೆಕ್ಯಾನಿಕ್ಕನಿಗೆ ಒಪ್ಪಿಸಿದಂದಿನಿಂದ ಇದನ್ನೆಲ್ಲ ಅವನ ಮುಂದೆ ದಿನಾ ಹೇಳಿಕೊಳ್ಳುತ್ತಿದ್ದೆ. ಅವನು ಬನಿಯನ್ನಿಗೆ ಕೈ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದ: "ನಾ ಅದೀನಲ್ರಿ."

"ಮೊದಲಿಗೆ ಗಾಲಿ ಹಾಕಿಬಿಡೂಣೇನು?" ಎಂದು ನಾನು ಕೇಳಿದರೆ ನಗುತ್ತಿದ್ದ.

"ಗಾಲಿ ನೋಡಿ ಎಲ್ಲಾರೂ ಮರುಳಾಗ್ತಾರ್ರಿ ಸಾಹೇಬ್ರ. ಆ ಭಾರಕ್ಕ ಆಕ್ಸಲ್ ಗಟ್ಟಿ ಇರಬೇಕು, ತಿರುಗಸಾಕ ಪವರ್ ಸ್ಟೀರಿಂಗ್ ಬೇಕು. ಗಾಲಿ ಕಡೀಕ."

ಜೀಪು ಒಯ್ಯುವ ದಿನ ಅವನೇ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ನಾನು ಮೆಲ್ಲಗೆ ಮುಂದೆ ಬಿಟ್ಟೆ. ಮೂರು ಒಡೆದವು. ನಾಲ್ಕನೆಯದು, ಕೆಸರಿಗೆಂದೇ ಆರಿಸಿದ ಟೈರಿನ ಆಳವಾದ ಸಂದಿಯಲ್ಲಿ ಕೂತು, ಇಡಿಯಾಗಿ ಮೇಲೆ ಬಂತು. ಪಕ್ಕದಲ್ಲಿ ಬುತ್ತಿ ಹಿಡಿದು ಕೂತಿದ್ದ ಹೆಂಡತಿ ನನ್ನ ಮುಖ ನೋಡಿದಳು. ನಾನು ಅವನ ಮುಖ ನೋಡಿದೆ.

ಅವನು ಬನಿಯನ್ನಿಗೆ ಕೈ ಒರೆಸಿಕೊಂಡ. ನಟ್ಟು ಬಿಚ್ಚುವ ಪಾನಾಗಳ ಚೀಲ ತಂದು ಹಿಂದಿನ ಸೀಟಿನಲ್ಲಿಟ್ಟು, ತಾನೂ ಹತ್ತಿ ಕೂತ.

"ನಡೀರಿ, ಗದ್ದಿತನಕ ಬರ್ತೀನಿ."

"ಯಾಕೋ, ಏನರ ಆಕ್ಕೈತೇನು?"

"ಏನೂ ಆಗೂದಿಲ್ರಿ. ನೀವು ಮುಂದ ನೋಡ್ರಿ."

ಕನ್ನಡಿಯಲ್ಲಿ ನೋಡಿದೆ. ಸಣ್ಣ ಸಪ್ಪಳಕ್ಕೂ ಅವನು ನನ್ನಂತೆಯೇ ಬೆಚ್ಚಿ ಕಿವಿಗೊಡುತ್ತಿದ್ದ. ಆದರೆ ಸ್ಟೀರಿಂಗ್ ಬೆಣ್ಣೆಯಂತೆ ತಿರುಗಿತು, ಆಕ್ಸಲ್ ಕಿರ್ರೆನ್ನಲಿಲ್ಲ, ಕೆಸರಿನಲ್ಲಿ ಗಾಲಿ ಹೂತುಕೊಳ್ಳಲಿಲ್ಲ. ಗದ್ದೆಯ ಬದುವಿನ ಮೇಲೆ ಹೆಂಡತಿ ಬುತ್ತಿ ಬಿಚ್ಚಿದಳು.

ಇಬ್ಬರಿಗೆಂದು ಕಟ್ಟಿದ್ದ ರೊಟ್ಟಿ ಮೂವರಿಗೆ ಸಾಲಲಿಲ್ಲ.