ಬಸವಂತಪ್ಪನ ಕೀಬೋರ್ಡು
ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಜಿ ಟೈಪ್ ಮಾಡುವ ಬಸವಂತಪ್ಪನ ಕಂಪ್ಯೂಟರನ್ನು ಬೇರೆ ಯಾರೂ ನಡೆಸಲಾರರು. ಕೀಬೋರ್ಡಿನ ಬಟನ್‌ಗಳಿಗೆ ಅವನು ತನ್ನದೇ ಕೆಲಸ ಹಚ್ಚಿದ್ದಾನೆ. ಒಂದನ್ನು ಒತ್ತಿದರೆ ‘ಮಾನ್ಯ ತಹಶೀಲ್ದಾರರಿಗೆ’ ಎಂದು ಬರುತ್ತದೆ. ನನ್ನಂಥ ವಿಧವೆಯರಿಗೆಂದೇ ‘ಕೋಂ ದಿವಂಗತ’ ಎಂಬುದಕ್ಕೂ ಒಂದಿದೆ. “ನಿಮ್ಮ ಅರ್ಧ ಅರ್ಜಿ ಒಂದ ಬಟನ್ನಿನಾಗ ಐತ್ರಿ, ಅವ್ವಾರ” ಎಂದು ಬೀಗುತ್ತಾನೆ. ಅಂಗಡಿಯ ಮಾಲಕರು, “ಎಲ್ಲಾರ ಹಾಂಗ ಮಾಡಿಡೋ ಮಾರಾಯಾ, ನೀ ರಜಾ ಹಾಕಿದ್ರ ಅಂಗಡಿ ಮುಚ್ಚಬೇಕೇನು?” ಎಂದರೆ, “ಹಾಂಗ ಮಾಡಿದ್ರ ನನ್ನ ಸ್ಪೀಡ್ ಹೋಗ್ತೈತ್ರಿ” ಎನ್ನುತ್ತಾನೆ. ಮುದ್ರಿಸಿದ ಕಾಗದವನ್ನು ಯಾರ ಕೈಗೂ ಕೊಡುವುದಿಲ್ಲ, “ಅಲ್ಲೈತಿ, ತಗೋರಿ” ಎಂದು ಮೇಜಿನತ್ತ ಗದ್ದ ತಿರುವುತ್ತಾನೆ. ಜನ ಅದನ್ನು ಸೊಕ್ಕು ಎನ್ನುತ್ತಾರೆ. ನನಗೆ ಓದು ಅಷ್ಟಕ್ಕಷ್ಟೆ, ಹಾಗಾಗಿ ಅಕ್ಷರ ಬಿಟ್ಟು ಕೈ ನೋಡುತ್ತೇನೆ. ಮೂರು ಸಲ ಕೂತು ನೋಡಿದೆ: ಅವನು ಕೆಲಸ ಹಚ್ಚಿದ ಬಟನ್‌ಗಳೆಲ್ಲ ಎಡಗಡೆಯವು. ಬಲಗೈ ತೊಡೆಯ ಮೇಲೆ, ಟವೆಲಿನ ಕೆಳಗೆ, ಅಲುಗಾಡದೆ ಬಿದ್ದಿರುತ್ತದೆ. ಎಡಗೈಯಿಂದ ಯಾರಿಗೂ ಏನನ್ನೂ ಕೊಡಬಾರದಲ್ಲ. ಮೊನ್ನೆ ನಾನು ನೋಡಿದ್ದು ಅವನಿಗೂ ತಿಳಿಯಿತು. “ಮಾಲಕರಿಗೆ ಹೇಳಬ್ಯಾಡ್ರಿ, ಕೆಲಸಾ ಹೋಗ್ತೈತಿ” ಎಂದ, ಮೆಲ್ಲಗೆ. ಅಷ್ಟರಲ್ಲಿ ಮಾಲಕರೇ ಒಳಗೆ ಬಂದು, “ಅರ್ಜಿ ಆತಲ್ಲವಾ, ಇನ್ನೂ ಯಾಕ ಕುಂತೀ?” ಎಂದರು. “ಇನ್ನೊಂದು ಬರಸೂದೈತ್ರಿ, ಇವನ ಹತ್ರಾನ” ಎಂದೆ. ನನಗೆ ಬೇರೆ ಅರ್ಜಿ ಇರಲಿಲ್ಲ.