ಬೀಗದ ಕೈಗಳ ಸದ್ದು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದವಳು. ಓದಿದ್ದು ಮನಃಶಾಸ್ತ್ರ. ನೆನಪು ಎಷ್ಟು ಸಲೀಸಾಗಿ ಕಥೆ ಕಟ್ಟುತ್ತದೆ ಎಂಬುದನ್ನು ಪಾಠವಾಗಿಯೇ ಕಲಿತಿದ್ದೆ. ಹಾಗಾಗಿ ಮುಂದಿನದನ್ನು ನೀವು ನಂಬಲೇಬೇಕೆಂದಿಲ್ಲ. ನಾನೂ ಪೂರ್ತಿ ನಂಬಿಲ್ಲ.

ಕೆಲವು ವರ್ಷಗಳ ಹಿಂದೆ ಅಮೆರಿಕದ ರೆಂಟನ್ ಊರಿನ ಒಂದು ಶಾಲೆಯಲ್ಲಿ ಮಕ್ಕಳ ಕಲಿಕೆಯ ತೊಡಕುಗಳನ್ನು ಪರೀಕ್ಷಿಸುವ ಕೆಲಸ ನನ್ನದಾಗಿತ್ತು. ಎರಡನೇ ತರಗತಿಯಲ್ಲಿ ಅನ್ವಿತಾ ಎಂಬ ಹುಡುಗಿ, ಹೆಸರು ಬದಲಿಸಿದ್ದೇನೆ. ಮನೆಯವರು ಮೈಸೂರಿನ ಕಡೆಯವರು. ಸೇರಿದಂದಿನಿಂದ ಅವಳು ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ ಎಂದು ತಾಯಿ ಹೇಳುತ್ತಿದ್ದರು. ಎಲ್ಲ ತಾಯಂದಿರೂ ಹಾಗೇ ಹೇಳುತ್ತಾರೆ ಎಂಬುದು ಶಾಲೆಯವರ ಧೋರಣೆ. ಭಾಷೆಯೇ ಬಾರದ ಮಗುವೆಂದು ತೀರ್ಮಾನವಾದರೆ ಅವಳನ್ನು ಬೇರೆ ಕಟ್ಟಡದ ಪ್ರತ್ಯೇಕ ತರಗತಿಗೆ ಕಳಿಸುವವರಿದ್ದರು. ನಾನು ಅವಳನ್ನು ಪರೀಕ್ಷಿಸಿದ ಮಾರನೆಯ ದಿನವೇ ಅದರ ಸಭೆ.

ಪರೀಕ್ಷೆ ಮಾಡುವಾಗ ನಮಗೊಂದು ಶಿಸ್ತಿದೆ. ಉತ್ತರ ಸರಿಯೋ ತಪ್ಪೋ ನಮ್ಮ ಮುಖದಲ್ಲಿ ಕಾಣಬಾರದು. ಪ್ರಶ್ನೆಗಳನ್ನು ಅಚ್ಚಾದ ಪದಗಳಲ್ಲೇ, ಇಂಗ್ಲಿಷಿನಲ್ಲೇ ಕೇಳಬೇಕು. ಅವಳು ಬಣ್ಣದ ಘನಗಳನ್ನು ಚಕಚಕನೆ ಜೋಡಿಸಿದಳು. ಪ್ರಶ್ನೆ ಕೇಳಿದರೆ ಮಾತ್ರ ಮೇಜು ನೋಡುತ್ತಾ ಕೂತಳು. ತರಗತಿಯ ಸಹಾಯಕಿ ಗ್ಲೋರಿಯಾ ಪಕ್ಕದಲ್ಲೇ ಇದ್ದರು. ಅವರ ತೋಳು ಹಿಡಿಯದೆ ಮಗು ಕೋಣೆಯೊಳಗೆ ಬರುತ್ತಿರಲಿಲ್ಲ.

ನವೆಂಬರ್ ತಿಂಗಳು. ಶಾಲೆ ಬಿಟ್ಟಿತ್ತು, ತಾಯಿ ಕೆಲಸ ಮುಗಿಸಿ ಬರುವವರೆಗೆ ನಾವು ಮೂವರೇ. ಗಾಳಿಗೆ ಎಲ್ಲೋ ಮರ ಬಿದ್ದಿರಬೇಕು, ದೀಪ ಹೋಯಿತು. ನನ್ನದು ಹಿಂದೆ ಉಗ್ರಾಣವಾಗಿದ್ದ, ಕಿಟಕಿಯಿಲ್ಲದ ಕೋಣೆ. ಕಣ್ಣಿಗೆ ಏನೂ ಕಾಣಲಿಲ್ಲ. ಮಗು ಹೆದರೀತೆಂದು ಕನ್ನಡದಲ್ಲಿ ಕೇಳಿದೆ.

"ಪುಟ್ಟಿ, ಮನೇಲಿ ಕರೆಂಟ್ ಹೋದ್ರೆ ಏನ್ ಮಾಡ್ತೀಯ?"

"ಅಜ್ಜಿ ಬೀಗದ ಕೈ ಗೊಂಚಲು ಕೊಡ್ತಾರೆ. ಅಲ್ಲಾಡಿಸ್ತಾ ಇರ್ತೀನಿ. ನಾನು ಎಲ್ಲಿದೀನಿ ಅಂತ ಅವರಿಗೆ ಗೊತ್ತಾಗುತ್ತೆ."

ನನ್ನ ಗೊಂಚಲನ್ನು ಕತ್ತಲಿನತ್ತ ಚಾಚಿದೆ. ಪುಟ್ಟ ಕೈಯೊಂದು ತೆಗೆದುಕೊಂಡಿತು. ದೀಪ ಬರುವವರೆಗೂ ಆ ಸದ್ದು ನಿಲ್ಲಲಿಲ್ಲ.

ತಾಯಿ ಬಂದು ಅವಳನ್ನು ಕರೆದುಕೊಂಡು ಹೋದ ಮೇಲೆ, ಕನ್ನಡದಲ್ಲೇ ಮಾತಾಡಿದಳಲ್ಲ ಎಂದು ನಾನು ಸಂಭ್ರಮಪಟ್ಟೆ. ಗ್ಲೋರಿಯಾ ನನ್ನನ್ನೇ ನೋಡಿದರು. "ನೀವು ನಿಮ್ಮ ಭಾಷೇಲಿ ಏನೋ ಕೇಳಿದ್ರಿ, ಆಮೇಲೆ ಸುಮ್ನಿದ್ರಿ, ಕೀ ಕೊಟ್ರಿ," ಎಂದರು. "ಅವಳ ಕೆನ್ನೆ ನನ್ನ ತೋಳಿಗೆ ಒತ್ಕೊಂಡಿತ್ತು ಕಣಮ್ಮ. ಬಾಯಿ ಅಲ್ಲಾಡಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?"

ಸಭೆಯಲ್ಲಿ ಇಬ್ಬರೂ ನಮಗೆ ತಿಳಿದದ್ದನ್ನು ಹೇಳಿದೆವು. ಗೊಂಚಲಿನ ಮಾತು ಬಂದಾಗ ತಾಯಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಹೋದ ಬೇಸಿಗೇಲಿ ಮೈಸೂರಲ್ಲಿ ನಮ್ಮಮ್ಮ ಹಾಗೇ ಮಾಡ್ತಿದ್ರು. ನಾನು ಇಲ್ಲಿ ಯಾರಿಗೂ ಹೇಳಿಲ್ಲ ಮೇಡಂ. ಆದ್ರೆ ಇವಳು ಕನ್ನಡ ಮಾತಾಡಲ್ಲ. ಅರ್ಥ ಆಗುತ್ತೆ, ಆನ್ಸರ್ ಮಾಡೋದೆಲ್ಲ ಇಂಗ್ಲಿಷಲ್ಲೇ."

ತೀರ್ಮಾನವನ್ನು ಮುಂದೂಡಿ, ಮಗುವಿನ ಮಾತನ್ನು ಮನೆಯಲ್ಲೇ ಕೇಳಿ ಬರುವಂತೆ ನನ್ನನ್ನು ಕಳಿಸಿದರು. ಅವರ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ, ಹಾಗಲಕಾಯಿ ಹೆಚ್ಚುವವಳಂತೆ ನಿಂತೆ. ಬಹಳ ಹೊತ್ತಾದ ಮೇಲೆ, ನಾನಿರುವುದನ್ನು ಮರೆತವಳಂತೆ, ಅವಳು ಅಮ್ಮನ ಜೊತೆ ಉದ್ದುದ್ದ ಇಂಗ್ಲಿಷ್ ವಾಕ್ಯಗಳಲ್ಲಿ ಜಗಳ ತೆಗೆದಳು. ಅಷ್ಟು ಸಾಕಾಯಿತು. ಅವಳು ತನ್ನ ತರಗತಿಯಲ್ಲೇ ಉಳಿದಳು. ಈಗ ಶಾಲೆಯಲ್ಲೂ ಮಾತಾಡುತ್ತಾಳೆ. ಆ ಸಂಜೆಯ ಬಗ್ಗೆ ಒಮ್ಮೆ ಕೇಳಿದೆ. ಬೀಗದ ಕೈಗಳು ನೆನಪಿವೆಯಂತೆ. ಮಾತಾಡಿದೆಯಾ ಎಂದರೆ ಭುಜ ಕುಣಿಸಿದಳು.

ಗಾಳಿಯ ಗಲಾಟೆಯಲ್ಲಿ ಗ್ಲೋರಿಯಾಗೆ ತಿಳಿಯಲಿಲ್ಲವೆನ್ನಬಹುದು. ನಾನೇ ಕಲ್ಪಿಸಿಕೊಂಡೆನೆನ್ನಬಹುದು, ಆದರೆ ಅವಳ ಅಜ್ಜಿಯನ್ನು ಹೇಗೆ ಕಲ್ಪಿಸಿಕೊಳ್ಳಲಿ? ಇವೆರಡರ ನಡುವೆ ನಾನು ಬಹಳ ಸಲ ಓಡಾಡಿದ್ದೇನೆ. ಪ್ರತಿ ಸಲವೂ ಆ ಅಡುಗೆಮನೆಯಲ್ಲಿ ಬಂದು ನಿಲ್ಲುತ್ತೇನೆ. ಅವಳು ಬಾಯಿ ತೆರೆದಾಗ, ಕತ್ತಲಲ್ಲಿ ಕೇಳಿದ್ದ ದನಿಗಾಗಿ ಕಾಯುತ್ತಿದ್ದ ನನ್ನ ಕೈಯ ಚಾಕು ನಿಂತುಹೋಗಿತ್ತು. ಅವಳ ದನಿಯನ್ನು ನಾನು ಹಿಂದೆ ಎಂದೂ ಕೇಳಿರಲಿಲ್ಲ.