ಕೆಂಪಿಗಾಗಿ ಉಟ್ಟ ಸೀರೆ

ಸೀರೆ ಉಡುವುದು ನನಗೆ ಬರುತ್ತದೆ. ನೆರಿಗೆ ಮಾತ್ರ ಸ್ವಲ್ಪ ಸೊಟ್ಟ. ಕ್ಯಾಸಂಬಳ್ಳಿಯಲ್ಲಿ ಮೇಷ್ಟ್ರಾಗಿದ್ದು, ಕೋಟಿನ ಗುಂಡಿಗಳನ್ನೆಲ್ಲ ಹಾಕದೆ ಬೀದಿಗಿಳಿಯದ ಮನುಷ್ಯ ಇದನ್ನು ಬರೆದುಕೊಳ್ಳಬಾರದು. ಏನು ಮಾಡಲಿ, ನನ್ನ ಬಳಿ ಇರುವ ಬಿರುದು ಇದೊಂದೇ.

ನಮ್ಮ ಸೀಮೆಹಸು ಕೆಂಪಿಯ ಕೆಚ್ಚಲನ್ನು ನನ್ನ ಹೆಂಡತಿ ರತ್ನಮ್ಮ ದಿನಾ ಬೆಳಿಗ್ಗೆ ಅಮುಕಿ ನೋಡುವಳು. ಎಲ್ಲಾದರೂ ಗಟ್ಟಿಯಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗುವಳು. ದನದ ಡಾಕ್ಟರು ಬರುವರು, ನೆರೆಹೊರೆಯವರು ಸುತ್ತ ನಿಲ್ಲುವರು. ಸಂಕೋಚವೆಂಬುದು ಕೆಂಪಿಗೂ ಇಲ್ಲ, ನೋಡುವವರಿಗೂ ಇಲ್ಲ. ಮನುಷ್ಯರ ನಾಗರಿಕತೆ ಇದಕ್ಕಿಂತ ಮುಂದುವರಿದದ್ದು. ಕತ್ತಿನಿಂದ ಸೊಂಟದವರೆಗೆ ಹೆಂಗಸಿಗೆ ಇರುವುದೆಲ್ಲ ‘ಮೈ’. ಅದಕ್ಕೆ ಬರುವುದೆಲ್ಲ ‘ಉಷ್ಣ’. ನಮ್ಮ ಬೀದಿಯಲ್ಲೇ ಒಬ್ಬಾಕೆ ಉಷ್ಣ, ಉಷ್ಣ ಎನ್ನುತ್ತಲೇ ಸೆರಗು ಸರಿಸದೆ ತೀರಿಕೊಂಡಿದ್ದಳು.

ಒಂದು ಬೆಳಿಗ್ಗೆ ರತ್ನಮ್ಮ ಹಾಲು ಕರೆಯುತ್ತ, ಕೆಂಪಿಯ ಹೊಟ್ಟೆಗೆ ಹಣೆಯಾನಿಸಿ, “ನಿಂಗೆ ಬಂದಂಗೆ ನಂಗೂ ಒಂದು ಗಂಟು ಬಂದೈತೆ ಕಣೇ, ಎದೇಲಿ. ನಾನ್ಯಾರಿಗೆ ತೋರಿಸ್ಲಿ?” ಎಂದಳು. ಹುಲ್ಲು ಹಿಡಿದು ಹಿಂದೆಯೇ ನಾನಿದ್ದೆ. ಅದು ಅವಳಿಗೆ ಗೊತ್ತಿತ್ತು. ಗಂಡನಿಗೆ ಹೇಳಲಾಗದ್ದನ್ನು ಹಸುವಿನ ಮೂಲಕ ತಿಳಿಸುವುದು ನಮ್ಮ ದಾಂಪತ್ಯದ ಪದ್ಧತಿ. ಹುಲ್ಲನ್ನು ಕೆಂಪಿಯ ಮುಂದೆ ಹಾಕಿ ಅವಳ ಬಳಿ ಹೋದೆ.

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಹೋಗು ಎಂದೆ. “ಗಂಡಸು ಡಾಕ್ಟ್ರು ಮುಟ್ಟೋದಾ?” ಲೇಡಿ ಡಾಕ್ಟರಿದ್ದಾರೆ ಎಂದೆ. “ಬಸ್ಸಲ್ಲಿ ಯಾರಾನ ಎಲ್ಲಿಗೆ ಅಂದ್ರೆ?” ಬಳೆ ತೊಡೋಕೆ ಅನ್ನು ಎಂದೆ. ಕೊನೆಗೆ ಬ್ರಹ್ಮಾಸ್ತ್ರ ಬಂತು: “ಆಲು ಯಾರು ಕರೀತಾರೆ? ಕೆಂಪಿ ಬ್ಯಾರೆಯೋರ್ನ ಒದೀತಾಳೆ.” ನಿಜವೇ. ಆದರೆ ಅದನ್ನು ಹೇಳುವಾಗ ಅವಳ ಮುಖದಲ್ಲೊಂದು ನೆಮ್ಮದಿ ಕಂಡಿತು. ಅಡಗಿಕೊಳ್ಳಲು ಹಸುವಿನಷ್ಟು ಅಗಲದ ಮರೆ ಸಿಕ್ಕಿತ್ತು.

ಮರುದಿನ ಮೊದಲ ಬಸ್ಸಿನ ಹೊತ್ತಿಗೆ, ಅವಳು ಬಿಚ್ಚಿಟ್ಟ ಸೀರೆಯನ್ನು ಪಂಚೆಯ ಮೇಲೆ ಸುತ್ತಿ, ತಲೆಗೆ ಸೆರಗು ಹೊದ್ದು, ಕೆಂಪಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಕೆಂಪಿ ಸೀರೆಯನ್ನು ಮೂಸಿದಳು. ತಿರುಗಿ ಮೀಸೆಯನ್ನು ನೋಡಿದಳು. ಬಹಳ ಹೊತ್ತು ಯೋಚಿಸಿ, ಹಾಲು ಬಿಟ್ಟಳು. ಗೋಡೆಯಾಚೆಯಿಂದ ಪಕ್ಕದ ಮನೆಯ ಮುನಿಯಪ್ಪ, “ಏನಕ್ಕಾ, ಮೀಸೆ ಯಾವಾಗ ಬಂತು?” ಎಂದ.

“ನಿನ್ನೆ ಕಣ್ಲಾ, ಉಷ್ಣಕ್ಕೆ!” ಎಂದೆ.

ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ರತ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇನ್ನು ನೆಪವೇನೂ ಉಳಿದಿರಲಿಲ್ಲ. ಬಸ್ಸು ಹತ್ತಿದಳು. ಆಸ್ಪತ್ರೆ ಬಾಗಿಲಲ್ಲಿ, ಉರಿಗಾಂ ಚಿನ್ನದ ಗಣಿಯ ಮನೆಗಳಲ್ಲಿದ್ದ ಅವಳ ತಂಗಿ, ನಾನು ಹೇಳಿಕಳಿಸಿದ್ದಂತೆ, ಕಾಯುತ್ತಿದ್ದಳು.

ಗಂಟು ಕೆಟ್ಟದ್ದೇ. ಆದರೆ ಚಿಕ್ಕದಿರುವಾಗಲೇ ಸಿಕ್ಕಿತು. ಆಪರೇಷನ್ ಆಗಿ ಅವಳು ಸುಧಾರಿಸಿಕೊಳ್ಳುವವರೆಗೆ ಎರಡು ಹೊತ್ತೂ ಸೀರೆಯಲ್ಲೇ ಹಾಲು ಕರೆದೆ.

ಈಗ ತಪಾಸಣೆಗೆ ಹೋಗುವಾಗ ಬಸ್ಸಿನಲ್ಲಿ ಯಾರಾದರೂ ಎಲ್ಲಿಗೆಂದು ಕೇಳಿದರೆ ರತ್ನಮ್ಮ ಬಳೆಯ ಮಾತೆತ್ತುವುದಿಲ್ಲ. “ಎದೆ ತೋರಿಸೋಕೆ” ಎಂದು, ದನದ ಡಾಕ್ಟರನ್ನು ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಹೇಳುತ್ತಾಳೆ. ಯಾವ ಹೆಂಗಸಾದರೂ ಗಂಟಿನ ವಿಷಯ ಹೇಳಿ, ಹಸುವಿದೆ, ಮನೆಯಿದೆ ಎಂದು ರಾಗ ಎಳೆದರೆ ಇವಳ ಪ್ರಶ್ನೆ ಒಂದೇ: “ನಿಮ್ಮೆಜಮಾನ್ರಿಗೆ ಸೀರೆ ಉಡೋಕೆ ಬತ್ತದಾ? ಬರಲ್ವಾ? ನಮ್ಮೋರ್ನ ಕಳಿಸ್ತೀನಿ, ಕಲಿಸ್ಕೊಡ್ತಾರೆ.”

ಹೋಗಿಬಂದಿದ್ದೇನೆ. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕಂಕುಳಲ್ಲಿ ಸೀರೆ ಇಟ್ಟುಕೊಂಡು.